ಕಲ್ಲನ್ನು ಕೇಳುವ ಮೊದಲು ಊರನ್ನು ಕೇಳಿ

ಮಕ್ಕಳೇ, ನಿಮ್ಮೂರಿಗೆ ಬೋರ್‌ವೆಲ್ ಲಾರಿ ಬಂದ ದಿನ ನೆನಪಿದೆಯೆ? ಲಾರಿಯ ಬೆನ್ನಿನಿಂದ ಕಬ್ಬಿಣದ ಗೋಪುರ ಮೇಲೇಳುತ್ತದೆ. ಒಂದರ ಮೇಲೊಂದು ರಾಡು ಜೋಡಿಸುತ್ತಾರೆ. ಭೋರ್ ಎಂದು ಸದ್ದು ಶುರುವಾದರೆ ಎದುರಿಗೆ ನಿಂತವರ ಮಾತೂ ಕೇಳಿಸುವುದಿಲ್ಲ. ಬಾವಿಯ ಬಾಯಿಂದ ಪುಡಿ ಚಿಮ್ಮುತ್ತದೆ. ಮೊದಲು ಕೆಮ್ಮಣ್ಣು, ಆಮೇಲೆ ಹಳದಿ ಬಣ್ಣದ ಮೆತ್ತನೆಯ ಕಲ್ಲಿನ ಪುಡಿ, ಅದಾದ ಮೇಲೆ ಬೂದಿಯಂಥ ಗಟ್ಟಿಕಲ್ಲಿನ ಪುಡಿ. ಮೇಸ್ತ್ರಿ ಒಂದು ಹಿಡಿ ಪುಡಿ ಎತ್ತಿ ಬೆರಳಲ್ಲಿ ಉಜ್ಜಿ ನೋಡಿ, "ಬಂಡೆ ಬಂತು" ಎನ್ನುತ್ತಾರೆ. ಸುತ್ತ ನಿಂತ ಹಿರಿಯರೆಲ್ಲ ಆ ಪುಡಿಯನ್ನೇ ನೋಡುತ್ತಿರುತ್ತಾರೆ.

ಕಣ್ಣಿಗೆ ಕಾಣದ ನೆಲದೊಳಗೆ ಏನಿದೆ ಎಂದು ಮೇಲೆ ಬಂದ ಪುಡಿಯಿಂದ ಊಹಿಸುವ ಈ ಕೆಲಸ ಬಹಳ ದೊಡ್ಡದು. ನೀರಿನ ಬದಲು ಕಬ್ಬಿಣ, ಚಿನ್ನ, ತಾಮ್ರ, ಲಿಥಿಯಂ ಮುಂತಾದವನ್ನು ಹುಡುಕುವಾಗಲೂ ಇದನ್ನೇ ಮಾಡುತ್ತಾರೆ. ಅದಕ್ಕೆ ಖನಿಜ ಅನ್ವೇಷಣೆ ಎಂದು ಹೆಸರು.

ಬೋರ್‌ವೆಲ್ ಕೊರೆಸಿದ್ದು ನಿಮ್ಮ ತಂದೆಯೋ ಪಕ್ಕದ ಹೊಲದವರೋ ಇರಬಹುದು. ತಮ್ಮ ಹೊಲದಲ್ಲಿ ತಾವೇ ಕರೆಸಿ ಕೊರೆಸಿದರು. ಆದರೆ ನಾಳೆ ಯಾರೋ ದೂರದವರು ಬಂದು, "ನಿಮ್ಮೂರಿನ ಗುಡ್ಡದಲ್ಲಿ ಬೆಲೆಬಾಳುವ ಖನಿಜ ಇರಬಹುದು, ಕೊರೆದು ನೋಡುತ್ತೇವೆ" ಎಂದರೆ? ನೆಲದಡಿ ಇರುವುದು ಕಲ್ಲು. ನೆಲದ ಮೇಲಿರುವುದು ಊರು. ಮೊದಲು ಯಾವುದನ್ನು ಕೇಳಬೇಕು? ಈ ಪಾಠದಲ್ಲಿ ಅದನ್ನು ನೋಡೋಣ.

ನಮ್ಮ ಕಾಲಡಿಯ ಕಲ್ಲು

ಕುಣಿಗಲ್ ಸುತ್ತಮುತ್ತ ಬಂಡೆ ಒಡೆದ ಜಾಗದಲ್ಲಿ ನಿಂತು ನೋಡಿ. ಕಲ್ಲಿನ ಮೈಮೇಲೆ ಬಿಳಿ ಮತ್ತು ಕಪ್ಪು ಪಟ್ಟೆಗಳು ಕಾಣುತ್ತವೆ. ಇಂಥ ಪಟ್ಟೆಕಲ್ಲಿಗೆ 'ನೀಸ್' ಎನ್ನುತ್ತಾರೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷ! ದೇವರಾಯನದುರ್ಗ, ಮಧುಗಿರಿ ಕಡೆಯ ದೊಡ್ಡ ಬೆಟ್ಟಗಳು ಗ್ರಾನೈಟ್ ಕಲ್ಲಿನವು. ಅವುಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು.

ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿಗೆ ಹೋದರೆ ಕಲ್ಲೇ ಬೇರೆ. ಅಲ್ಲಿ ಗದಗ, ಚಿತ್ರದುರ್ಗದ ಕಡೆಯಿಂದ ಉದ್ದಕ್ಕೆ ಹರಿದುಬಂದ ಒಂದು ಕಲ್ಲಿನ ಪಟ್ಟಿ ಇದೆ. ಪದರ ಪದರವಾಗಿ ಬಿಡುವ ಈ ಕಲ್ಲಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಸಿಗುತ್ತದೆ. ಇದೇ ಪಟ್ಟಿಯಲ್ಲಿ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಚಿನ್ನದ ಅದಿರು ಸಿಕ್ಕಿದೆ.

ಅಂದರೆ ಖನಿಜ ಎಲ್ಲ ಕಡೆಯೂ ಇರುವುದಿಲ್ಲ. ಎಲ್ಲಿ ಇದೆಯೋ ಅಲ್ಲೇ ಹೋಗಿ ತೆಗೆಯಬೇಕು. ಅದನ್ನು ಬೇರೆ ಕಡೆಗೆ ಬಿತ್ತಲು ಆಗುವುದಿಲ್ಲ. ಅದು ಊರಿನ ಕೆಳಗಿದ್ದರೆ, ಕೆರೆಯ ಪಕ್ಕದಲ್ಲಿದ್ದರೆ, ಕಾಡಿನ ನಡುವೆ ಇದ್ದರೆ? ಕಷ್ಟ ಶುರುವಾಗುವುದು ಇಲ್ಲೇ.

ಹುಡುಕುವುದು ಹೇಗೆ?

ನಮ್ಮ ದೇಶದಲ್ಲಿ ಖನಿಜ ಹುಡುಕುವ ಕೆಲಸವನ್ನು ನಾಲ್ಕು ಮೆಟ್ಟಿಲುಗಳಾಗಿ ಮಾಡಿಕೊಂಡಿದ್ದಾರೆ. ಅವಕ್ಕೆ ಜಿ-4, ಜಿ-3, ಜಿ-2, ಜಿ-1 ಎಂದು ಹೆಸರು. ಎಣಿಕೆ ತಲೆಕೆಳಗು! ಜಿ-4ರಲ್ಲಿ ಶುರುವಾಗಿ ಜಿ-1ಕ್ಕೆ ಮುಗಿಯುತ್ತದೆ.

ಮೊದಲನೆಯದು ದೂರದಿಂದ ನೋಡುವುದು. ಉಪಗ್ರಹದ ಚಿತ್ರ, ವಿಮಾನದ ಸಮೀಕ್ಷೆ, ಹಳೆಯ ನಕ್ಷೆಗಳನ್ನು ಮುಂದಿಟ್ಟುಕೊಂಡು ಎಲ್ಲಿ ಇರಬಹುದು ಎಂದು ಊಹಿಸುತ್ತಾರೆ. ಆಮೇಲೆ ಭೂವಿಜ್ಞಾನಿಗಳು ಸುತ್ತಿಗೆ, ಭೂತಗನ್ನಡಿ ಹಿಡಿದು ನಡೆದೇ ಹೋಗುತ್ತಾರೆ. ಹಳ್ಳದ ಮರಳು, ಹೊಲದ ಮಣ್ಣು, ಬಂಡೆಯ ಚೂರು ತಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. 1851ರಲ್ಲಿ ಶುರುವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಕೆಲಸವನ್ನು ದೇಶದ ಉದ್ದಗಲಕ್ಕೂ ಮಾಡುತ್ತಿದೆ.

ಸುಳಿವು ಸಿಕ್ಕ ಜಾಗದಲ್ಲಿ ಮುಂದಿನ ಮೆಟ್ಟಿಲು. ಉದ್ದನೆಯ ಕಾಲುವೆಯಂಥ ಗುಂಡಿ ತೋಡುತ್ತಾರೆ. ದೂರ ದೂರಕ್ಕೆ ಕೆಲವು ಕೊಳವೆ ಕೊರೆಯುತ್ತಾರೆ. ಇಲ್ಲಿ ಬಳಸುವ ಯಂತ್ರ ಬೋರ್‌ವೆಲ್ ಲಾರಿಗಿಂತ ಬೇರೆ. ಬೋರ್‌ವೆಲ್ ಯಂತ್ರ ಕಲ್ಲನ್ನು ಗುದ್ದಿ ಪುಡಿ ಮಾಡುತ್ತದೆ. ಅನ್ವೇಷಣೆಯ ಯಂತ್ರದ ತುದಿಯಲ್ಲಿ ವಜ್ರದ ಚೂರುಗಳನ್ನು ಕೂರಿಸಿದ ಬಳೆ ಇರುತ್ತದೆ. ಅದು ತಿರುಗುತ್ತಾ ಕಲ್ಲನ್ನು ಸುತ್ತಲೂ ಕೊಯ್ಯುತ್ತದೆ. ನಡುವೆ ಉಳಿದ ಕಲ್ಲು ಕಬ್ಬಿನ ಜಲ್ಲೆಯ ತುಂಡಿನ ಹಾಗೆ ಇಡಿಯಾಗಿ ಮೇಲೆ ಬರುತ್ತದೆ. ಈ ತುಂಡಿಗೆ 'ಕೋರು' ಎನ್ನುತ್ತಾರೆ. ಇದನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಯಾವ ಆಳದಲ್ಲಿ ಯಾವ ಕಲ್ಲಿತ್ತು ಎಂದು ಪುಸ್ತಕ ಓದಿದಂತೆ ಓದುತ್ತಾರೆ.

ಕೊನೆಯ ಎರಡು ಮೆಟ್ಟಿಲುಗಳಲ್ಲಿ ಕೊಳವೆಗಳು ಹತ್ತಿರ ಹತ್ತಿರವಾಗುತ್ತವೆ. ಎಷ್ಟು ಅದಿರಿದೆ, ಎಷ್ಟು ಚೆನ್ನಾಗಿದೆ, ತೆಗೆದರೆ ಖರ್ಚು ಹುಟ್ಟುತ್ತದೆಯೇ ಎಂದು ಲೆಕ್ಕ ಹಾಕುತ್ತಾರೆ.

ಇಲ್ಲಿ ಒಂದು ಮಾತು ನೆನಪಿಡಿ. ಹುಡುಕಿದ ಜಾಗಗಳಲ್ಲಿ ಬಹುಪಾಲು ಗಣಿ ಆಗುವುದೇ ಇಲ್ಲ. ಅದಿರು ಕಡಿಮೆ ಇರುತ್ತದೆ, ಇಲ್ಲವೇ ತುಂಬ ಆಳದಲ್ಲಿರುತ್ತದೆ. ಹುಡುಕಿದವರು ಯಂತ್ರ ಎತ್ತಿಕೊಂಡು ಹೊರಟುಹೋಗುತ್ತಾರೆ. ಆದರೆ ಊರು ಅಲ್ಲೇ ಇರುತ್ತದೆ. ಗುಂಡಿ ಮುಚ್ಚದೆ ಹೋದರೆ, ಕೊಳವೆಯ ಬಾಯಿ ತೆರೆದೇ ಬಿಟ್ಟರೆ, ಲಾರಿಗಾಗಿ ಕಡಿದ ಗಿಡಮರಗಳನ್ನು ಮತ್ತೆ ನೆಡದಿದ್ದರೆ ಅದರ ಕಷ್ಟ ಊರಿನವರಿಗೆ. ಆದ್ದರಿಂದ ಜವಾಬ್ದಾರಿ ಎಂಬುದು ಗಣಿ ತೆರೆದ ದಿನ ಶುರುವಾಗುವುದಲ್ಲ, ಮೊದಲ ಕೊಳವೆ ಕೊರೆಯುವ ದಿನಕ್ಕಿಂತಲೂ ಮುಂಚೆಯೇ ಶುರುವಾಗಬೇಕು.

ಮಾಡಿ ನೋಡಿ

ಬೇಕಾದ ವಸ್ತುಗಳು: ಒಂದು ಅಗಲವಾದ ಹಳೆಯ ಡಬ್ಬಿ, ಕೆಮ್ಮಣ್ಣು, ಕೆರೆಯ ಗೋಡು, ಮರಳು, ಸೀಮೆಸುಣ್ಣದ ಪುಡಿ, ಪರಂಗಿ ಎಲೆಯ ಕೆಲವು ದಂಟುಗಳು, ಹುಣಸೆಬೀಜ.

1. ಡಬ್ಬಿಯ ತಳಕ್ಕೆ ಒದ್ದೆ ಕೆರೆಗೋಡನ್ನು ಎರಡು ಬೆರಳು ದಪ್ಪ ಹರಡಿ.

2. ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಮುದ್ದೆ ಮಾಡಿ, ಗೋಡಿನ ಮೇಲೆ ಯಾವುದಾದರೂ ಒಂದು ಕಡೆ ಇಡಿ. ಇದೇ ನಿಮ್ಮ 'ಅದಿರು'. ಎಲ್ಲಿಟ್ಟಿರಿ ಎಂದು ಗೆಳೆಯರಿಗೆ ಹೇಳಬೇಡಿ.

3. ಅದರ ಮೇಲೆ ಒದ್ದೆ ಮರಳು, ಮತ್ತೆ ಒದ್ದೆ ಕೆಮ್ಮಣ್ಣು ಹರಡಿ ಸಮ ಮಾಡಿ.

4. ಕೆಮ್ಮಣ್ಣಿನ ಮೇಲೆ ಎಂಟು ಹುಣಸೆಬೀಜ ಇಡಿ. ಒಂದೊಂದು ಬೀಜವೂ ಮನೆ, ಬಾವಿ, ಗುಡಿ ಅಥವಾ ದೊಡ್ಡ ಮರ. ಬೀಜ ಇರುವ ಕಡೆ ಯಾರೂ ಕೊರೆಯುವಂತಿಲ್ಲ.

5. ಗೆಳೆಯರು ಟೊಳ್ಳು ದಂಟನ್ನು ನೇರವಾಗಿ ಒತ್ತಿ, ನಿಧಾನವಾಗಿ ಹೊರಕ್ಕೆ ತೆಗೆಯಲಿ. ಒಳಗಿನ ಮಣ್ಣನ್ನು ಕಡ್ಡಿಯಿಂದ ತಳ್ಳಿ ಕಾಗದದ ಮೇಲೆ ಮಲಗಿಸಿ ನೋಡಲಿ. ಇದೇ 'ಕೋರು'. ಆರು ಸಲ ಮಾತ್ರ ಅವಕಾಶ.

ಬಿಳಿ ಪದರ ಸಿಕ್ಕಿತೆ? ಎಷ್ಟನೆಯ ಸಲಕ್ಕೆ? ಈಗ ಡಬ್ಬಿಯ ಮೇಲ್ಭಾಗ ನೋಡಿ. ಅದಿರು ಸಿಗದ ತೂತುಗಳೂ ಹಾಗೇ ಉಳಿದಿವೆ. ಅವನ್ನು ಮೊದಲಿನಂತೆ ಮಾಡಲು ಪ್ರಯತ್ನಿಸಿ. ಕೊರೆಯುವುದಕ್ಕೆ ಹಿಡಿದ ಸಮಯ ಹೆಚ್ಚೋ, ಸರಿಪಡಿಸುವುದಕ್ಕೆ ಹಿಡಿದ ಸಮಯ ಹೆಚ್ಚೋ?

ಮೊದಲ ಗುರುಗಳು ಊರಿನವರೇ

ಖನಿಜ ಹುಡುಕುವುದು ದೊಡ್ಡ ಯಂತ್ರಗಳಿಂದ ಮಾತ್ರ ಸಾಧ್ಯ ಎಂದುಕೊಂಡಿರಾ? ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತ ಹಿಂದೆ ಜಲಗಾರರು ಎಂಬ ಜನರಿದ್ದರು. ಮಳೆ ಬಂದು ಹಳ್ಳ ಹರಿದ ಮೇಲೆ ಅಲ್ಲಿಯ ಮರಳನ್ನು ಮರದ ಮರಿಗೆಯಲ್ಲಿ ಹಾಕಿ, ನೀರು ಬಿಟ್ಟು ತೊಳೆದು, ಚಿನ್ನದ ಕಣಗಳನ್ನು ಬೇರೆ ಮಾಡುತ್ತಿದ್ದರು.

ಇದರಲ್ಲಿ ಒಳ್ಳೆಯ ವಿಜ್ಞಾನವಿದೆ. ಸಾಮಾನ್ಯ ಮರಳಿನ ಕಣ ಅಷ್ಟೇ ಗಾತ್ರದ ನೀರಿಗಿಂತ ಸುಮಾರು ಎರಡೂವರೆ ಪಟ್ಟು ತೂಕ. ಚಿನ್ನವಾದರೋ ಹತ್ತೊಂಬತ್ತು ಪಟ್ಟು. ಮರಿಗೆಯನ್ನು ಹದವಾಗಿ ಆಡಿಸಿದರೆ ಹಗುರ ಮರಳು ನೀರಿನ ಜೊತೆ ಹೊರಟುಹೋಗಿ ಭಾರದ ಚಿನ್ನ ತಳದಲ್ಲಿ ಉಳಿಯುತ್ತದೆ. ನಿಮ್ಮಜ್ಜಿ ಅಕ್ಕಿಯಲ್ಲಿನ ಕಲ್ಲನ್ನು ನೀರಿನಲ್ಲಿ ಅರಿಸಿ ತೆಗೆಯುವುದೂ ಇದೇ ಉಪಾಯದಿಂದ.

ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಗುಡ್ಡಗಳ ಚಿನ್ನದ ಬಗ್ಗೆ 1874ರಲ್ಲಿ ವರದಿ ಪ್ರಕಟಿಸಿದರು. ಯಾವ ಹಳ್ಳದಲ್ಲಿ ಚಿನ್ನವಿದೆ ಎಂದು ಪರೀಕ್ಷಿಸಲು ಅವರು ನೆರವು ಪಡೆದದ್ದು ಜಲಗಾರರಿಂದ! 1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಮುಖ್ಯಸ್ಥರಾಗಿ ಬಂದವರು ಇದೇ ಫೂಟ್.

ಜಲಗಾರರ ಹೆಸರುಗಳು ಯಾರಿಗೂ ನೆನಪಿಲ್ಲ. ಆದರೆ ನೆಲದ ಬಗ್ಗೆ ಅಲ್ಲೇ ಹುಟ್ಟಿ ಬೆಳೆದವರಿಗೆ ಎಷ್ಟು ತಿಳಿದಿರುತ್ತದೆ ಎಂಬುದು ನೆನಪಿನಲ್ಲಿರಬೇಕು. ಯಾವ ಬಾವಿ ಬೇಸಿಗೆಯಲ್ಲೂ ಬತ್ತುವುದಿಲ್ಲ, ಯಾವ ಹಳ್ಳ ಯಾವ ಕೆರೆಗೆ ಸೇರುತ್ತದೆ, ದನ ಮೇಯುವುದು ಎಲ್ಲಿ, ಜೇನು ಕಟ್ಟುವುದು ಎಲ್ಲಿ ಎಂಬುದು ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ.

ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಕಲಿಸಿದ ಪಾಠ

ಮಿತಿ ಮೀರಿದರೆ ಏನಾಗುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. 2000ದ ನಂತರದ ವರ್ಷಗಳಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಏರಿತು. ಬಳ್ಳಾರಿ, ಚಿತ್ರದುರ್ಗ ಮತ್ತು ನಮ್ಮ ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ಜೋರಾಯಿತು. ಕೆಲವು ಗಣಿಗಳು ಕೊಟ್ಟ ಗಡಿಯನ್ನು ದಾಟಿ ಅಗೆದವು. ಕೆಲವು ತ್ಯಾಜ್ಯ ಮಣ್ಣನ್ನು ಗಡಿಯಾಚೆ ಕಾಡಿನ ಜಾಗದಲ್ಲಿ ಸುರಿದವು.

ಗಣಿಯಿಂದ ಊರಿಗೆ ಆಗುವ ತೊಂದರೆ ಮೂರು ದಾರಿಯಲ್ಲಿ ಬರುತ್ತದೆ. ಮೊದಲನೆಯದು ದೂಳು. ಅದಿರಿನ ಲಾರಿಗಳು ಓಡಾಡಿದಾಗ ಏಳುವ ಕೆಂಪು ದೂಳು ತೆಂಗಿನ ಗರಿ, ರಾಗಿ ಪೈರಿನ ಮೇಲೆ ಕೂರುತ್ತದೆ. ಎಲೆಗೆ ಬಿಸಿಲು ಕಡಿಮೆ ಬೀಳುತ್ತದೆ, ಅದು ಉಸಿರಾಡುವ ರಂಧ್ರಗಳು ಮುಚ್ಚುತ್ತವೆ. ಅದೇ ದೂಳು ನಮ್ಮ ಶ್ವಾಸಕೋಶಕ್ಕೂ ಹೋಗುತ್ತದೆ. ಎರಡನೆಯದು ನೀರು. ಗಣಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಹೋದರೆ ಸುತ್ತಲಿನ ನೀರು ಅಲ್ಲಿಗೆ ಇಳಿಯುತ್ತದೆ. ಅದನ್ನು ಪಂಪು ಮಾಡಿ ಹೊರಹಾಕಿದಂತೆ ಅಕ್ಕಪಕ್ಕದ ಬಾವಿಗಳಲ್ಲಿ ನೀರು ತಗ್ಗುತ್ತದೆ. ಮೂರನೆಯದು ಹೂಳು. ಗುಡ್ಡೆ ಹಾಕಿದ ಸಡಿಲ ಮಣ್ಣು ಮಳೆಗೆ ಕೊಚ್ಚಿಕೊಂಡು ಬಂದು ಕೆರೆ ತುಂಬುತ್ತದೆ. ನೂರು ಮಳೆಗಾಲ ಬಾಳಬೇಕಾದ ಕೆರೆ ಬೇಗ ಮುದಿಯಾಗುತ್ತದೆ.

ಈ ಬಗ್ಗೆ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟು 2011ರ ಜುಲೈನಲ್ಲಿ ಬಳ್ಳಾರಿಯಲ್ಲೂ ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲೂ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಿತು. ಮೂರು ಜಿಲ್ಲೆಗಳ 166 ಗಣಿಗಳನ್ನು ಅಳೆದು, ತಪ್ಪಿನ ಪ್ರಮಾಣ ನೋಡಿ 'ಎ', 'ಬಿ', 'ಸಿ' ಎಂದು ಮೂರು ಗುಂಪು ಮಾಡಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಹೆಚ್ಚು ತಪ್ಪು ಮಾಡಿದ 'ಸಿ' ಗುಂಪಿನ ಸುಮಾರು 50 ಗಣಿಗಳ ಗುತ್ತಿಗೆ ರದ್ದಾಯಿತು. ಉಳಿದವರು ಹಾಳಾದ ನೆಲವನ್ನು ಸರಿಪಡಿಸುವ ಯೋಜನೆ ಒಪ್ಪಿ ಮಾತ್ರ ಕೆಲಸ ಮಾಡಬಹುದು, ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕು ಎಂದು ಮಿತಿ ಹಾಕಲಾಯಿತು.

2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿ ಬಂತು. ಅದರಂತೆ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಗಣಿ ನಡೆಸುವವರು ಅದಕ್ಕೆ ಹಣ ಕಟ್ಟಬೇಕು. ಆ ಹಣ ಗಣಿಯಿಂದ ತೊಂದರೆಗೊಳಗಾದ ಊರುಗಳ ಕುಡಿಯುವ ನೀರು, ಆರೋಗ್ಯ, ಶಾಲೆ ಮುಂತಾದವಕ್ಕೆ ಬಳಕೆಯಾಗಬೇಕು.

ಪಕ್ಕದ ಜಿಲ್ಲೆಯ ಹಗುರ ಲೋಹ

ಹಾಗಾದರೆ ಖನಿಜವೇ ಬೇಡ ಎನ್ನೋಣವೆ? ನಿಮ್ಮ ಸೈಕಲ್ಲು, ಬಾವಿಯ ರಾಟೆ, ಅಡುಗೆ ಪಾತ್ರೆ, ಮನೆಯ ಮೊಬೈಲು ಎಲ್ಲವೂ ಖನಿಜದಿಂದಲೇ ಬಂದವು. ಮೊಬೈಲಿನ ಬ್ಯಾಟರಿಯಲ್ಲಿ ಲಿಥಿಯಂ ಎಂಬ ಲೋಹವಿದೆ. ಲೋಹಗಳಲ್ಲೆಲ್ಲ ಇದೇ ಹಗುರ. ಅದೇ ಗಾತ್ರದ ನೀರಿನ ಅರ್ಧದಷ್ಟೇ ತೂಕ! ಹೊಗೆ ಉಗುಳದ ವಿದ್ಯುತ್ ಬಸ್ಸು, ಸ್ಕೂಟರುಗಳಿಗೂ ಇದು ಬೇಕು. 2023ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆ ತೀರ ಅಗತ್ಯವಾದ 30 ಖನಿಜಗಳ ಪಟ್ಟಿ ಮಾಡಿತು. ಲಿಥಿಯಂ ಅದರಲ್ಲಿ ಸೇರಿದೆ.

ಕುಣಿಗಲ್‌ಗೆ ದಕ್ಷಿಣದಲ್ಲಿರುವ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯದ ವಿಜ್ಞಾನಿಗಳು ಲಿಥಿಯಂ ಇರುವ ಕಲ್ಲನ್ನು ಗುರುತಿಸಿದರು. ಆ ಕಲ್ಲಿಗೆ ಪೆಗ್ಮಟೈಟ್ ಎಂದು ಹೆಸರು. ಬೆಣಚುಕಲ್ಲು, ಕಾಗೆಬಂಗಾರಗಳ ದಪ್ಪ ದಪ್ಪ ಹರಳುಗಳು ಅದರಲ್ಲಿರುತ್ತವೆ. ಕೆಲವು ಬಗೆಯ ಕಾಗೆಬಂಗಾರದಲ್ಲೇ ಲಿಥಿಯಂ ಅಡಗಿರುತ್ತದೆ.

2020ರಲ್ಲಿ ಇಲ್ಲಿ ಸುಮಾರು 14,100 ಟನ್ ಲಿಥಿಯಂ ಇರಬಹುದು ಎಂದು ಸುದ್ದಿಯಾಯಿತು. 2021ರಲ್ಲಿ ಸರ್ಕಾರ ತಿಳಿಸಿದ ಅಂಕಿ 1,600 ಟನ್. ಅದೂ 'ಊಹಿತ' ಎಂಬ ದರ್ಜೆಯದು. ಅಂದರೆ ಸುಳಿವುಗಳಿಂದ ಲೆಕ್ಕ ಹಾಕಿದ್ದು, ಪೂರ್ತಿ ಖಚಿತವಾದದ್ದಲ್ಲ. ನೋಡಿದಿರಾ? ಒಂದು ಅಂಕಿ ಕೇಳಿ ಹಿಗ್ಗುವುದೂ ಬೇಡ, ಹೆದರುವುದೂ ಬೇಡ. "ಇದು ಯಾವ ಮೆಟ್ಟಿಲಿನ ಲೆಕ್ಕ?" ಎಂದು ಕೇಳುವುದನ್ನು ಕಲಿಯಬೇಕು.

ಹಿಮದ ನಾಡಿನಲ್ಲೂ ಇದೇ ಪ್ರಶ್ನೆ

ಈಗ ಭೂಪಟ ತೆಗೆಯಿರಿ. ಯುರೋಪಿನ ಉತ್ತರ ತುದಿಯಲ್ಲಿ ಸ್ವೀಡನ್ ದೇಶವನ್ನು ಹುಡುಕಿ. ಅದರ ಉತ್ತರ ಭಾಗದಲ್ಲಿ, ಉತ್ತರ ಧ್ರುವವೃತ್ತಕ್ಕೂ ಆಚೆ ಕಿರುನಾ ಎಂಬ ಊರಿದೆ. ಚಳಿಗಾಲದಲ್ಲಿ ಕೆಲವು ವಾರ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ!

ಕಿರುನಾದಲ್ಲಿ ಒಂದು ದೊಡ್ಡ ಕಬ್ಬಿಣದ ಗಣಿ ಇದೆ. ಅದಿರಿನ ಪದರ ಓರೆಯಾಗಿ ಊರಿನ ಕೆಳಕ್ಕೇ ಹೋಗಿದೆ. ಆಳಕ್ಕೆ ಅಗೆದಂತೆ ಮೇಲಿನ ನೆಲ ಬಿರುಕು ಬಿಡತೊಡಗಿತು. ಆದ್ದರಿಂದ ಊರಿನ ನಡುಭಾಗವನ್ನೇ ಬೇರೆ ಕಡೆಗೆ ಸಾಗಿಸಬೇಕೆಂದು 2004ರಲ್ಲಿ ತೀರ್ಮಾನವಾಯಿತು. 1912ರಲ್ಲಿ ಕಟ್ಟಿದ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಇಡಿಯಾಗಿ ಎತ್ತಿ, ಚಕ್ರಗಳ ಮೇಲಿಟ್ಟು, ಎರಡು ದಿನದಲ್ಲಿ 5 ಕಿಲೋಮೀಟರ್ ದೂರ ಸಾಗಿಸಿದರು. ಅದರ ತೂಕ 672 ಟನ್!

ಚರ್ಚನ್ನು ಎತ್ತಿಡಬಹುದು. ಆದರೆ ಎತ್ತಿಡಲಾಗದ ಸಂಗತಿಗಳೂ ಇವೆ. ಆ ಪ್ರದೇಶದಲ್ಲಿ ಬಹಳ ಹಿಂದಿನಿಂದ ಸಾಮಿ ಎಂಬ ಮೂಲನಿವಾಸಿ ಜನ ಬಾಳುತ್ತಿದ್ದಾರೆ. ಅವರಲ್ಲಿ ಅನೇಕರು ಹಿಮಸಾರಂಗ ಸಾಕುತ್ತಾರೆ. ನಮ್ಮ ಶಿರಾ, ಚಿಕ್ಕನಾಯಕನಹಳ್ಳಿ ಕಡೆಯ ಕುರಿಗಾಹಿಗಳು ಮೇವು ಹುಡುಕಿ ಮಂದೆ ಹೊಡೆದುಕೊಂಡು ಹೋಗುತ್ತಾರಲ್ಲ, ಹಾಗೆ ಸಾಮಿಗಳೂ ಬೇಸಿಗೆಯಲ್ಲಿ ಬೆಟ್ಟಕ್ಕೆ, ಚಳಿಗಾಲದಲ್ಲಿ ಕಾಡಿಗೆ ಮಂದೆಯೊಡನೆ ಸಾಗುತ್ತಾರೆ. ಚಳಿಗಾಲದಲ್ಲಿ ಹಿಮಸಾರಂಗಗಳು ಗೊರಸಿನಿಂದ ಹಿಮ ಕೆದಕಿ ಕೆಳಗಿರುವ ಕಲ್ಲುಹೂವನ್ನು ತಿನ್ನುತ್ತವೆ. ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯದೇ ಅದು. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಒಮ್ಮೆ ಯಂತ್ರದ ಚಕ್ರಕ್ಕೆ ಸಿಕ್ಕಿ ಹಾಳಾದರೆ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು.

ಶೀತಪ್ರದೇಶದಲ್ಲಿ ಖನಿಜ ಹುಡುಕುವವರು ಹಲವು ಕಡೆ ಚಳಿಗಾಲವನ್ನೇ ಆರಿಸಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕೆಸರಾಗುವ ನೆಲ ಆಗ ಗಟ್ಟಿಯಾಗಿರುತ್ತದೆ, ಯಂತ್ರ ಹೂತುಹೋಗುವುದಿಲ್ಲ, ನೆಲಕ್ಕೂ ಪೆಟ್ಟು ಕಡಿಮೆ. ಒಳ್ಳೆಯ ಉಪಾಯ ಅಲ್ಲವೆ? ಆದರೆ ಹಿಮಸಾರಂಗಗಳಿಗೆ ಮೇವು ಸಿಗುವುದೇ ಕಷ್ಟವಾದ ಕಾಲವೂ ಅದೇ. ಯಂತ್ರದ ಸದ್ದಿಗೆ ಮಂದೆ ಬೆದರಿ ಓಡಿದರೆ ಹಸಿದ ಪ್ರಾಣಿಗಳು ಸೊರಗುತ್ತವೆ. ಯಾವ ವಾರ ಮಂದೆ ಎಲ್ಲಿರುತ್ತದೆ ಎಂದು ಹೇಳಬಲ್ಲವರು ಸಾಮಿಗಳು ಮಾತ್ರ. ಅವರನ್ನು ಕೇಳಿಯೇ ದಿನ ಗೊತ್ತುಮಾಡಬೇಕು.

2023ರಲ್ಲಿ ಕಿರುನಾದ ಹತ್ತಿರ ವಿರಳ ಭಸ್ಮ ಲೋಹಗಳ ದೊಡ್ಡ ನಿಕ್ಷೇಪ ಸಿಕ್ಕಿದೆ ಎಂದು ಗಣಿ ಕಂಪನಿ ಪ್ರಕಟಿಸಿತು. ಗಾಳಿಯಂತ್ರ, ವಿದ್ಯುತ್ ಕಾರುಗಳಿಗೆ ಬೇಕಾದ ಲೋಹಗಳವು. ಹಿಂದಿನ ಗಣಿಯಿಂದ ತಮ್ಮ ದಾರಿ ಈಗಾಗಲೇ ಕಿರಿದಾಗಿದೆ, ಇನ್ನೊಂದು ಗಣಿ ಬಂದರೆ ಮಂದೆ ಸಾಗುವ ದಾರಿಯೇ ತುಂಡಾಗುತ್ತದೆ ಎಂಬುದು ಅಲ್ಲಿಯ ಸಾಮಿಗಳ ಆತಂಕ. ಜಗತ್ತಿಗೆ ಒಳ್ಳೆಯದಾಗಲೆಂದು ಮಾಡುವ ಕೆಲಸದಿಂದಲೂ ಒಂದು ಸಮುದಾಯಕ್ಕೆ ನಷ್ಟವಾಗಬಹುದು. ಆದ್ದರಿಂದಲೇ ಕೇಳುವುದು ಮುಖ್ಯ.

ಕೇಳುವುದು ಎಂದರೇನು?

ನಿಮ್ಮ ಶಾಲೆಯ ಆಟದ ಬಯಲಿಗೆ ಯಾರೋ ಎರಡು ಲಾರಿ ಜಲ್ಲಿ ಸುರಿದರು ಎಂದುಕೊಳ್ಳಿ. ಆಮೇಲೆ ಬಂದು, "ಇಲ್ಲಿ ಜಲ್ಲಿ ಹಾಕಬಹುದಾ ಮಕ್ಕಳೇ?" ಎಂದು ಕೇಳಿದರೆ ಅದು ಕೇಳಿದಂತೆಯೆ? "ಹ್ಞೂಂ ಅನ್ನಿ, ಇಲ್ಲದಿದ್ದರೆ ನೋಡಿ" ಎಂದರೆ? "ಸುಮ್ಮನೆ ಸ್ವಲ್ಪ ಸಾಮಾನು ಇಡುತ್ತೇವೆ" ಎಂದಷ್ಟೇ ಹೇಳಿ ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಮುಚ್ಚಿಟ್ಟರೆ?

2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿ ಜನರ ಹಕ್ಕುಗಳ ಘೋಷಣೆಯನ್ನು ಒಪ್ಪಿಕೊಂಡಿತು. ಭಾರತವೂ ಅದರ ಪರವಾಗಿ ಮತ ಹಾಕಿತು. ಜನರ ಒಪ್ಪಿಗೆ ಹೇಗಿರಬೇಕು ಎಂಬುದನ್ನು ಅದು ಮೂರು ಮಾತಿನಲ್ಲಿ ಹೇಳುತ್ತದೆ. ಒಪ್ಪಿಗೆ ಮುಕ್ತವಾಗಿರಬೇಕು, ಅಂದರೆ ಬೆದರಿಕೆ ಇರಬಾರದು. ಮುಂಚಿತವಾಗಿರಬೇಕು, ಅಂದರೆ ಕೆಲಸ ಶುರುವಾಗುವ ಮೊದಲೇ ಪಡೆಯಬೇಕು. ತಿಳಿದು ಕೊಟ್ಟದ್ದಾಗಿರಬೇಕು, ಅಂದರೆ ಲಾಭ ನಷ್ಟ ಎರಡನ್ನೂ ಜನರ ಭಾಷೆಯಲ್ಲೇ ಬಿಡಿಸಿ ಹೇಳಿರಬೇಕು.

ನಮ್ಮ ದೇಶದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಒಡಿಶಾದ ನಿಯಮಗಿರಿ ಬೆಟ್ಟದ ನೆತ್ತಿಯಲ್ಲಿ ಬಾಕ್ಸೈಟ್ ಇದೆ. ಅಲ್ಯೂಮಿನಿಯಂ ಸಿಗುವುದು ಈ ಅದಿರಿನಿಂದ. ಬೆಟ್ಟದಲ್ಲಿ ವಾಸಿಸುವ ಡೋಂಗ್ರಿಯಾ ಕೊಂದ್ ಆದಿವಾಸಿಗಳಿಗೆ ಆ ಬೆಟ್ಟವೇ ದೇವರು. ಗಣಿಯ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. 2006ರ ಅರಣ್ಯ ಹಕ್ಕು ಕಾಯಿದೆಯ ಆಧಾರದಲ್ಲಿ, ಗ್ರಾಮಸಭೆಗಳನ್ನೇ ಕೇಳಿ ಎಂದು ಕೋರ್ಟು ಹೇಳಿತು. ಆ ತೀರ್ಪು ಬಂದದ್ದೂ 2013ರ ಏಪ್ರಿಲ್ 18ರಂದೇ! ನಮ್ಮ ಜಿಲ್ಲೆಯ ಗಣಿಗಳ ತೀರ್ಪು ಬಂದ ದಿನವೇ. ಅದೇ ವರ್ಷ 12 ಹಳ್ಳಿಗಳಲ್ಲಿ ಸಭೆ ನಡೆಯಿತು. ಹನ್ನೆರಡೂ ಹಳ್ಳಿಗಳು "ಗಣಿ ಬೇಡ" ಎಂದವು. 2014ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಆ ಯೋಜನೆಗೆ ಅನುಮತಿ ನಿರಾಕರಿಸಿತು.

ನಮ್ಮ ಊರುಗಳಿಗೂ ಮಾತಾಡಲು ಒಂದು ಜಾಗವಿದೆ. ದೊಡ್ಡ ಗಣಿ ಶುರುಮಾಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು ಎಂದು 2006ರ ಪರಿಸರ ಅಧಿಸೂಚನೆ ಹೇಳುತ್ತದೆ. ಸಭೆಗೆ ಕನಿಷ್ಠ 30 ದಿನ ಮೊದಲು ತಿಳಿಸಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಆದರೆ ಪರಮಾಣು ಖನಿಜಗಳು ಮತ್ತು ದೇಶಕ್ಕೆ ತೀರ ಅಗತ್ಯವೆಂದು ಪಟ್ಟಿ ಮಾಡಿದ ಖನಿಜಗಳ ಗಣಿಗಳಿಗೆ 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಈ ಸಭೆಯಿಂದ ವಿನಾಯಿತಿ ಕೊಟ್ಟಿತು. ಲಿಥಿಯಂ ಕೂಡ ಆ ಪಟ್ಟಿಯಲ್ಲಿದೆ. ದೇಶಕ್ಕೆ ಖನಿಜ ಬೇಗ ಬೇಕು ಎಂಬುದು ಒಂದು ಮಾತು. ಊರಿನವರ ಮಾತು ಕೇಳದೆ ಹೇಗೆ ಎಂಬುದು ಇನ್ನೊಂದು ಮಾತು. ಇದರ ಬಗ್ಗೆ ನಿಮ್ಮ ತರಗತಿಯಲ್ಲಿ ಚರ್ಚೆ ಮಾಡಿ.

ಒಳ್ಳೆಯ ಅನ್ವೇಷಕರು ಹೀಗೆ ಮಾಡುತ್ತಾರೆ

• ಯಂತ್ರ ತರುವ ಮೊದಲೇ ಊರಿಗೆ ಬಂದು, ಯಾರು, ಏನು ಹುಡುಕುತ್ತೇವೆ, ಎಷ್ಟು ದಿನ ಎಂದು ಹೇಳುತ್ತಾರೆ.

• ಬಾವಿ, ಕೆರೆ, ಗೋಮಾಳ, ಗುಂಡುತೋಪು, ಗುಡಿ, ಸಮಾಧಿಗಳನ್ನು ಊರಿನವರಿಂದಲೇ ಕೇಳಿ ನಕ್ಷೆಯಲ್ಲಿ ಗುರುತಿಸಿ, ಅಲ್ಲಿ ಕೊರೆಯುವುದಿಲ್ಲ.

• ಊರಿನ ಕೆಲಸದ ಕಾಲ ನೋಡಿಕೊಳ್ಳುತ್ತಾರೆ. ನಮ್ಮಲ್ಲಾದರೆ ರಾಗಿ ಕೊಯ್ದು ಒಕ್ಕಣೆ ಮುಗಿದ ಮೇಲೆ ಹೊಲ ಖಾಲಿ ಇರುತ್ತದೆ. ಪೈರು ನಿಂತಾಗ ಯಂತ್ರ ನುಗ್ಗಿಸುವುದಿಲ್ಲ.

• ಕೊರೆಯುವ ಮೊದಲು ಮತ್ತು ನಂತರ ಬಾವಿಗಳ ನೀರು ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಗೆ ತಿಳಿಸುತ್ತಾರೆ.

• ತೋಡುವಾಗ ಮೇಲಿನ ಫಲವತ್ತಾದ ಮಣ್ಣನ್ನು ಬೇರೆ ಇಟ್ಟು, ಮುಚ್ಚುವಾಗ ಅದನ್ನು ಮತ್ತೆ ಮೇಲಕ್ಕೇ ಹಾಕುತ್ತಾರೆ.

• ಕೆಲಸ ಮುಗಿದ ಕೊಳವೆಯನ್ನು ಬಿಗಿಯಾಗಿ ಮುಚ್ಚುತ್ತಾರೆ. ತೆರೆದ ಕೊಳವೆಗೆ ಮಕ್ಕಳು ಬಿದ್ದು ಪ್ರಾಣ ಕಳೆದುಕೊಂಡ ಘಟನೆಗಳು ನಮ್ಮ ರಾಜ್ಯದಲ್ಲೂ ನಡೆದಿವೆ. 2010ರಲ್ಲಿ ಸುಪ್ರೀಂ ಕೋರ್ಟು ಕೊಳವೆಬಾವಿ ಮುಚ್ಚುವ ಬಗ್ಗೆ ಕಟ್ಟುನಿಟ್ಟಿನ ಸೂಚನೆ ಕೊಟ್ಟಿದೆ. ಮಕ್ಕಳೇ, ಬಾಯಿ ತೆರೆದ ಕೊಳವೆಬಾವಿ ಎಲ್ಲೇ ಕಂಡರೂ ಹತ್ತಿರ ಹೋಗಬೇಡಿ. ಕೂಡಲೇ ಮೇಷ್ಟರಿಗೋ ಪಂಚಾಯಿತಿಗೋ ತಿಳಿಸಿ.

• ಊರಿನವರು "ಬೇಡ" ಎಂದರೆ ಆ ಮಾತಿಗೆ ಬೆಲೆ ಕೊಡುತ್ತಾರೆ. "ಬೇಡ" ಎನ್ನಲು ಅವಕಾಶವಿಲ್ಲದ ಕಡೆ "ಹೂಂ" ಎಂಬ ಮಾತಿಗೆ ಅರ್ಥವಿಲ್ಲ.

ಕಲ್ಲಿಗೆ 300 ಕೋಟಿ ವರ್ಷ. ಅದು ಇನ್ನಷ್ಟು ದಿನ ಕಾಯಬಲ್ಲದು. ಬತ್ತಿದ ಬಾವಿ, ಒಣಗಿದ ತೋಟ, ಮೇವಿಲ್ಲದ ಮಂದೆ ಕಾಯಲಾರವು. ನಿಮ್ಮಲ್ಲಿ ಯಾರಾದರೂ ಮುಂದೆ ಭೂವಿಜ್ಞಾನಿಗಳಾಗಬಹುದು. ಸುತ್ತಿಗೆ ಹಿಡಿದು ಯಾವುದೋ ಊರಿಗೆ ಹೋದಾಗ ಮೊದಲು ಅಲ್ಲಿಯ ಅರಳಿಕಟ್ಟೆಯ ಮೇಲೆ ಕೂತು ಹಿರಿಯರ ಜೊತೆ ಮಾತಾಡಿ. ಆಮೇಲೆ ಕಲ್ಲನ್ನು ಮಾತಾಡಿಸಿ.

ಪದಗಳ ಅರ್ಥ

ಅದಿರು: ಲೋಹವನ್ನು ಲಾಭದಾಯಕವಾಗಿ ತೆಗೆಯಬಹುದಾದ ಕಲ್ಲು ಅಥವಾ ಮಣ್ಣು.
ಅನ್ವೇಷಣೆ: ಕ್ರಮವಾಗಿ ಹುಡುಕುವುದು.
ನಿಕ್ಷೇಪ: ಒಂದೆಡೆ ಸೇರಿಕೊಂಡಿರುವ ಖನಿಜದ ಸಂಗ್ರಹ.
ಅಂತರ್ಜಲ: ನೆಲದೊಳಗೆ ಕಲ್ಲಿನ ಬಿರುಕು, ಮಣ್ಣಿನ ಸಂದುಗಳಲ್ಲಿ ನಿಂತ ನೀರು.
ಮೂಲನಿವಾಸಿಗಳು: ಒಂದು ಪ್ರದೇಶದಲ್ಲಿ ಬಹು ಹಿಂದಿನಿಂದ ತಮ್ಮದೇ ಜೀವನಕ್ರಮದಲ್ಲಿ ಬಾಳುತ್ತಾ ಬಂದ ಜನ.

ಅಭ್ಯಾಸ

1. ಬೋರ್‌ವೆಲ್ ಯಂತ್ರಕ್ಕೂ ಖನಿಜ ಹುಡುಕುವ ಕೊರೆಯಂತ್ರಕ್ಕೂ ಇರುವ ವ್ಯತ್ಯಾಸವೇನು?

2. ಮರಿಗೆಯಲ್ಲಿ ಮರಳು ತೊಳೆದಾಗ ಚಿನ್ನ ತಳದಲ್ಲಿ ಉಳಿಯುವುದೇಕೆ?

3. ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ 8 ಕಿಲೋಗ್ರಾಂ ಲಿಥಿಯಂ ಬೇಕು ಎಂದುಕೊಳ್ಳಿ. 1,600 ಟನ್‌ನಿಂದ ಎಷ್ಟು ಕಾರುಗಳಿಗೆ ಬ್ಯಾಟರಿ ಮಾಡಬಹುದು? ನಿಜವಾಗಿ ಅಷ್ಟು ಸಾಧ್ಯವಾಗದಿರಲು ಏನೇನು ಕಾರಣಗಳಿರಬಹುದು?

4. ಸಾಮಿಗಳ ಹಿಮಸಾರಂಗದ ಮಂದೆಗೂ ನಮ್ಮ ಕುರಿಮಂದೆಗೂ ಇರುವ ಎರಡು ಹೋಲಿಕೆ ಬರೆಯಿರಿ.

5. ಹಳೆಯ ಆಯಸ್ಕಾಂತವೊಂದನ್ನು ಕಾಗದದಲ್ಲಿ ಸುತ್ತಿ, ಮಳೆ ನೀರು ಹರಿದುಹೋದ ಜಾಗದ ಒಣ ಮರಳಿನಲ್ಲಿ ಆಡಿಸಿ. ಅಂಟಿಕೊಳ್ಳುವ ಕಪ್ಪು ಕಣಗಳನ್ನು ಕೂಡಿಸಿಡಿ. ಇವು ಕಬ್ಬಿಣದ ಖನಿಜದ ಕಣಗಳು. ಯಾವ ಜಾಗದಲ್ಲಿ ಹೆಚ್ಚು ಸಿಕ್ಕಿತು?

6. ನಾಲ್ಕು ಜನ ಸೇರಿ ನಿಮ್ಮೂರಿನ ನಕ್ಷೆ ಬರೆಯಿರಿ. ಬಾವಿ, ಕೆರೆ, ಹಳ್ಳ, ಗೋಮಾಳ, ಗುಂಡುತೋಪು, ಗುಡಿಗಳನ್ನು ಗುರುತಿಸಿ. ಬೇಸಿಗೆಯಲ್ಲೂ ಬತ್ತದ ನೀರು ಎಲ್ಲಿದೆ ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬೇರೆ ಬಣ್ಣದಲ್ಲಿ ತೋರಿಸಿ. ಈ ಊರಿಗೆ ಖನಿಜ ಹುಡುಕುವವರು ಬಂದರೆ ಅವರಿಗೆ ಯಾವ ಐದು ಪ್ರಶ್ನೆ ಕೇಳುತ್ತೀರಿ? ಬರೆದು ತರಗತಿಯ ಗೋಡೆಗೆ ಅಂಟಿಸಿ.